ಸ್ಲೈಡಿನಲ್ಲಿ ಕಂಡದ್ದು ವೆಸಿಕಲ್ಲೇ? ಮಲೇರಿಯಾ ಪರಾವಲಂಬಿಯ ಪೊಟ್ಟಣಗಳನ್ನು ಅರಿಯುವ ದಾರಿ

ಜುಲೈ ತಿಂಗಳ ಒಂದು ಸಂಜೆ ಶಿರಸಿಯಿಂದ ಅಣ್ಣನ ಮಗಳು ಒಂದು ಫೋಟೊ ಕಳಿಸಿದಳು. ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದದ್ದು. ಕೆಂಪು ರಕ್ತಕಣಗಳ ಮೇಲೆಲ್ಲ ಹೊಳೆಯುವ ಸಣ್ಣ ಸಣ್ಣ ಗುಳ್ಳೆಗಳು. ಕೆಳಗೆ ಬರೆದಿದ್ದಳು: "ಅತ್ತೆ, ಪರಾವಲಂಬಿ ಬಿಡುವ ವೆಸಿಕಲ್ ಸಿಕ್ಕಿತು! ಇದೇ ಅಲ್ವಾ?"

ಅವಳು ಲ್ಯಾಬ್ ಟೆಕ್ನೀಶಿಯನ್ ಕೋರ್ಸ್ ಓದುತ್ತಿದ್ದಾಳೆ. ಪರಾವಲಂಬಿಗಳು ಹೊರಗೆ ಬಿಡುವ ವೆಸಿಕಲ್‌ಗಳು, ಅಂದರೆ ಪೊರೆಯ ಸಣ್ಣ ಪೊಟ್ಟಣಗಳು, ನಮ್ಮ ಜೀವಕೋಶದೊಳಗೆ ನುಗ್ಗಲು ಅವಕ್ಕೆ ಹೇಗೆ ನೆರವಾಗುತ್ತವೆ ಎಂಬುದು ಅವಳ ಸೆಮಿನಾರಿನ ವಿಷಯ. ನಾನು ಕಾರವಾರದಲ್ಲಿ 31 ವರ್ಷ ಲ್ಯಾಬಿನಲ್ಲಿ ಕೂತು ಸ್ಲೈಡ್ ನೋಡಿದವಳು. ಫೋಟೊ ನೋಡಿದ ಕೂಡಲೇ ಗೊತ್ತಾಯಿತು, ಅದು ವೆಸಿಕಲ್ ಅಲ್ಲ. ಅದು ನಮ್ಮ ಮಳೆಗಾಲ. ಗಾಳಿಯ ತೇವ ಮೆಥನಾಲ್ ಬಾಟಲಿಗೆ ಸೇರಿ, ಅಲ್ಲಿಂದ ಸ್ಲೈಡಿಗೆ ಬಂದು ಕಣಗಳ ಮೇಲೆ ಗುಳ್ಳೆಯಾಗಿ ಕೂತಿತ್ತು.

ಆದರೆ ಅವಳು ಹುಡುಕುತ್ತಿದ್ದ ವಸ್ತು ನಿಜವಾಗಿಯೂ ಇದೆ. ಅದರ ಹತ್ತಿರದ ನೆಂಟನನ್ನು ನಮ್ಮ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ನೋಡಬಹುದು, ಬಣ್ಣ ಹಾಕುವ ಕೈ ಸರಿಯಿದ್ದರೆ. ಆ ರಾತ್ರಿ ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಕಲಿಯುವ ಮಕ್ಕಳಿಗೂ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರಿಗೂ ಉಪಯೋಗವಾಗಲಿ.

ಮೊದಲು ಅಂಗಳದಲ್ಲಿ ಒಂದು ವೃತ್ತ ಬರೆಯಿರಿ

ಪುಸ್ತಕದಲ್ಲಿ 'ಸಣ್ಣ ವೆಸಿಕಲ್ 30ರಿಂದ 150 ನ್ಯಾನೋಮೀಟರ್' ಎಂದು ಓದಿದರೆ ತಲೆಗೆ ಏನೂ ಹೋಗುವುದಿಲ್ಲ. ಅಳತೆ ಕಣ್ಣಿಗೆ ಬೀಳಬೇಕು.

ಒಂದು ಮೊಳೆಗೆ ದಾರ ಕಟ್ಟಿ. ದಾರದ ಉದ್ದ 37.5 ಸೆಂಟಿಮೀಟರ್ ಇರಲಿ. ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತು ಎಳೆಯಿರಿ. 75 ಸೆಂಟಿಮೀಟರ್ ಅಗಲದ ವೃತ್ತ ಆಯಿತು. ಇದು ನಮ್ಮ ಕೆಂಪು ರಕ್ತಕಣ. ನಿಜದಲ್ಲಿ ಅದು ಏಳೂವರೆ ಮೈಕ್ರಾನ್ ಅಗಲ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನ್, ಅದರ ಸಾವಿರದಲ್ಲೊಂದು ಪಾಲು ನ್ಯಾನೋಮೀಟರ್). ಅಂದರೆ ಲಕ್ಷ ಪಟ್ಟು ದೊಡ್ಡದು ಮಾಡಿದ್ದೇವೆ.

ಈಗ ಸುಲಿದ ತೆಂಗಿನಕಾಯಿಯೊಂದನ್ನು ವೃತ್ತದ ಅಂಚಿಗೆ ಇಡಿ. ಅದು ಮೀರೋಜೋಯಿಟ್, ಅಂದರೆ ರಕ್ತಕಣದೊಳಗೆ ನುಗ್ಗುವ ಮಲೇರಿಯಾ ಪರಾವಲಂಬಿ. ಸುಮಾರು ಒಂದೂಕಾಲು ಮೈಕ್ರಾನ್. ಆಮೇಲೆ ವೃತ್ತದ ಸುತ್ತ ಕಾಳುಮೆಣಸು ಮತ್ತು ಕಡಲೆಕಾಳು ಚೆಲ್ಲಿ. ಇವು ಎಕ್ಸೋಸೋಮ್ ಎಂಬ ಸಣ್ಣ ಜಾತಿಯ ವೆಸಿಕಲ್‌ಗಳು. ಮೈಕ್ರೋವೆಸಿಕಲ್ ಎನ್ನುವ ಇನ್ನೊಂದು ಜಾತಿ ಕಡಲೆಕಾಳಿನ ಅಳತೆಯಿಂದ ಸಣ್ಣ ತೆಂಗಿನಕಾಯಿಯ ಅಳತೆಯವರೆಗೂ ಇರುತ್ತದೆ.

ಕೊನೆಗೆ ಒಂದು ಸಣ್ಣ ಚಾಲಿ ಅಡಿಕೆ ತನ್ನಿ. ಎರಡು ಸೆಂಟಿಮೀಟರ್ ಇದ್ದರೆ ಸಾಕು. ನಮ್ಮ ಲ್ಯಾಬಿನ ಮೈಕ್ರೋಸ್ಕೋಪ್ ಬೇರೆಬೇರೆಯಾಗಿ ತೋರಿಸಬಲ್ಲ ಅತಿ ಸಣ್ಣ ಅಳತೆ ಅದು, 200 ನ್ಯಾನೋಮೀಟರ್. ಬೆಳಕಿನ ಗುಣವೇ ಹಾಗೆ, ಲೆನ್ಸ್ ಎಷ್ಟು ದುಬಾರಿಯಾದರೂ ಅಲ್ಲಿಗೆ ನಿಲ್ಲುತ್ತದೆ. ಅಡಿಕೆಗಿಂತ ಸಣ್ಣದಾದ ಕಾಳುಮೆಣಸು ನಮಗೆ ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ದೊಡ್ಡ ಮೈಕ್ರೋವೆಸಿಕಲ್ ಒಂದೊಂದು ಅಡಿಕೆಯನ್ನು ಮೀರಿದರೂ, ಬಣ್ಣ ಹಾಕಿದ ಸ್ಮಿಯರಿನಲ್ಲಿ, ಅಂದರೆ ಸ್ಲೈಡಿನ ಮೇಲೆ ಹರಡಿದ ರಕ್ತದ ಲೇಪದಲ್ಲಿ, ಅದನ್ನೂ ಪ್ಲೇಟ್‌ಲೆಟ್ ಚೂರನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ನನ್ನ ಸೊಸೆ ಇದನ್ನು ಮಾಡಿದ್ದು ಅಡಿಕೆ ಒಣಗಿಸುವ ಅಂಗಳದಲ್ಲಿ. ಅಲ್ಲಿಂದಲೇ ಫೋನ್ ಮಾಡಿ ಹೇಳಿದಳು: "ಹಂಗಾದ್ರೆ ನಾ ಕಳಿಸಿದ ಗುಳ್ಳೆ ಅಡಿಕೆಗಿಂತ ಎಷ್ಟೋ ದೊಡ್ಡದು ಅತ್ತೆ. ಅದು ಎಕ್ಸೋಸೋಮ್ ಆಗೂಕೇ ಸಾಧ್ಯ ಇಲ್ಲೆ." ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ವೆಸಿಕಲ್ ಎಂದರೆ ಪೊರೆಯಿಂದ ಮಾಡಿದ ಪೊಟ್ಟಣ. ಹೂವಾಡಗಿತ್ತಿ ಬಾಳೆಎಲೆ ಮಡಚಿ ಹೂ ಕಟ್ಟಿಕೊಡುವ ಹಾಗೆ, ಜೀವಕೋಶ ತನ್ನದೇ ಪೊರೆಯ ಚೂರಿನಲ್ಲಿ ಪ್ರೋಟೀನ್, ಆರ್‌ಎನ್‌ಎ, ಕೆಲವೊಮ್ಮೆ ಡಿಎನ್‌ಎ ಕಟ್ಟಿ ಹೊರಗೆ ಬಿಡುತ್ತದೆ. ಹೊರಪೊರೆಯೇ ಉಬ್ಬಿ ಕಳಚಿಕೊಂಡರೆ ಮೈಕ್ರೋವೆಸಿಕಲ್. ಕೋಶದ ಒಳಗಿನ ಒಂದು ಚೀಲದಲ್ಲಿ ಸಣ್ಣ ಪೊಟ್ಟಣಗಳು ತುಂಬಿ, ಆ ಚೀಲ ಹೊರಪೊರೆಗೆ ಕೂಡಿಕೊಂಡು ಬಾಯಿ ತೆರೆದಾಗ ಹೊರಬೀಳುವವು ಎಕ್ಸೋಸೋಮ್.

'ಕಳಚಿಕೊಂಡರೆ ಕೋಶ ಒಡೆದುಹೋಗುವುದಿಲ್ಲವೇ?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಂಟುವಾಳಕಾಯಿಯ ನೊರೆ ಮಾಡಿ ಗುಳ್ಳೆ ಊದಿ ತೋರಿಸಿ. ದೊಡ್ಡ ಗುಳ್ಳೆ ನಡುವಿನಲ್ಲಿ ಸೊರಗಿ ಎರಡಾಗುತ್ತದೆ, ಎರಡೂ ಒಡೆಯುವುದಿಲ್ಲ. ಪೊರೆಯೂ ಹಾಗೆಯೇ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ.

ಸ್ಮಿಯರ್: ಮಳೆಗಾಲದಲ್ಲಿ ಮಾಡುವ ರೀತಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಘಟ್ಟದ ಕೆಳಗಾಗಲಿ ಮೇಲಾಗಲಿ, ನಮ್ಮ ಜಿಲ್ಲೆಯ ಲ್ಯಾಬುಗಳಲ್ಲಿ ಸ್ಲೈಡ್ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಸ್ಲೈಡಿನಲ್ಲಿ ಜಿಡ್ಡು ಇರಬಾರದು. ಸ್ಪಿರಿಟ್‌ನಲ್ಲಿ ಒರೆಸಿ, ಅಂಚು ಮಾತ್ರ ಹಿಡಿಯಿರಿ. ಕೈಗವಸು ಹಾಕಿಕೊಳ್ಳಿ. ಎಡಗೈ ಉಂಗುರ ಬೆರಳಿನ ಬದಿಗೆ ಹೊಸ ಲ್ಯಾನ್ಸೆಟ್‌ನಿಂದ ಚುಚ್ಚಿ. ಮೊದಲ ಹನಿ ಒರೆಸಿಬಿಡಿ. ಒಂದು ದಪ್ಪ ಲೇಪ, ಒಂದು ತೆಳು ಲೇಪ ಎರಡೂ ಬೇಕು. ಪರಾವಲಂಬಿ ಇದೆಯೋ ಇಲ್ಲವೋ ಎಂದು ದಪ್ಪ ಲೇಪ ಹೇಳುತ್ತದೆ. ಯಾವ ಜಾತಿ, ಕಣದ ಮೇಲೆ ಏನಿದೆ ಎಂದು ತೆಳು ಲೇಪ ಹೇಳುತ್ತದೆ. ನಮಗೆ ಈಗ ಬೇಕಾದ್ದು ತೆಳು ಲೇಪ. ಹರಡುವ ಸ್ಲೈಡನ್ನು ಸುಮಾರು 45 ಡಿಗ್ರಿಗೆ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಸಲ ಎಳೆಯಿರಿ. ತುದಿ ಗರಿಯ ಹಾಗೆ ತೆಳುವಾಗಬೇಕು.

ಆಮೇಲೆ ಒಣಗಿಸುವುದು. ಮಾರ್ಚ್ ತಿಂಗಳಲ್ಲಿ ಕಾರವಾರದ ಗಾಳಿಗೆ ಎರಡು ನಿಮಿಷಕ್ಕೆ ಒಣಗುತ್ತದೆ. ಜುಲೈನಲ್ಲಿ ಹಾಗಲ್ಲ. ಹೊರಗೆ ಕಡಲು ಮೊರೆಯುತ್ತಿರುತ್ತದೆ, ಒಳಗೆ ಗೋಡೆ ಬೆವರುತ್ತಿರುತ್ತದೆ. ನಿಧಾನ ಒಣಗಿದ ಲೇಪದಲ್ಲಿ ಕೆಂಪು ಕಣಗಳು ಹುಳ ತಿಂದ ಎಲೆಯಂತೆ ಕಾಣುತ್ತವೆ. ಟೇಬಲ್ ಫ್ಯಾನಿನ ಗಾಳಿ ಹಿಡಿಯಿರಿ. ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಡಿ, ಕಣ ಬೆಂದುಹೋಗುತ್ತದೆ.

ಪೂರ್ತಿ ಒಣಗಿದ ಮೇಲೆಯೇ ತೆಳು ಲೇಪವನ್ನು ಮೆಥನಾಲ್‌ಗೆ ಮುಟ್ಟಿಸಿ. ದಪ್ಪ ಲೇಪಕ್ಕೆ ಮೆಥನಾಲ್ ತಾಗಬಾರದು. ಮೆಥನಾಲ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ದೊಡ್ಡ ಬಾಟಲಿಯನ್ನು ದಿನಕ್ಕೆ ಹತ್ತು ಸಲ ತೆರೆದರೆ ಒಂದು ವಾರದಲ್ಲಿ ಅದು ನೀರು ಬೆರೆತ ಮೆಥನಾಲ್. ನನ್ನ ಸೊಸೆಯ ಗುಳ್ಳೆಗಳು ಬಂದದ್ದು ಹಾಗೆ. ಮಳೆಗಾಲದಲ್ಲಿ ಸಣ್ಣ ಬಾಟಲಿಗೆ ಸ್ವಲ್ಪವೇ ಸುರಿದುಕೊಳ್ಳಿ, ಬಿಗಿ ಮುಚ್ಚಳ ಹಾಕಿ, ಉಳಿದದ್ದನ್ನು ವಾಪಸ್ ದೊಡ್ಡ ಬಾಟಲಿಗೆ ಹಾಕಬೇಡಿ.

ಬಣ್ಣಕ್ಕೆ ಗೀಮ್ಸಾ ಬಳಸಿ. 3 ಶೇಕಡಾ ದ್ರಾವಣವಾದರೆ 30ರಿಂದ 45 ನಿಮಿಷ. ಅವಸರವಿದ್ದರೆ 10 ಶೇಕಡಾ, 10ರಿಂದ 15 ನಿಮಿಷ. ನಮ್ಮ ಕೆಲಸಕ್ಕೆ ನಾನು ನಿಧಾನದ್ದನ್ನೇ ಹೇಳುತ್ತೇನೆ. ನೀರಿನ ಪಿಎಚ್ 7.2 ಇರಬೇಕು, ಇದು ಬಹಳ ಮುಖ್ಯ. ಚಿರೇಕಲ್ಲಿನ ನೆಲದ ಬಾವಿನೀರು ಹೆಚ್ಚಾಗಿ ಸ್ವಲ್ಪ ಆಮ್ಲದ ಕಡೆಗೆ ಇರುತ್ತದೆ. ಅದರಲ್ಲಿ ಬಣ್ಣ ಕಲೆಸಿದರೆ ಕೆಂಪು ಕಣಗಳು ಕೆಂಪಾಗಿ ಚೆಂದ ಕಾಣುತ್ತವೆ, ಆದರೆ ನಾವು ಹುಡುಕುವ ಗುಲಾಬಿ ಚುಕ್ಕೆಗಳು ಏಳುವುದೇ ಇಲ್ಲ (ಮೊದಲು ಹೇಳಿದ ವೆಸಿಕಲ್ಲಿನ ನೆಂಟ ಇವೇ, ಮುಂದೆ ಬಿಡಿಸಿ ಹೇಳುತ್ತೇನೆ). ಬಫರ್ ಮಾತ್ರೆ ಹಾಕಿದ ನೀರನ್ನೇ ಬಳಸಿ, ಪ್ರತಿ ಸಲ ಪಿಎಚ್ ನೋಡಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೈತ್‌ಕೋಲ್ ಬಂದರಿನ ದೋಣಿಯಲ್ಲಿ ದುಡಿಯುವ ಹುಡುಗನೊಬ್ಬ ಚಳಿಜ್ವರದಲ್ಲಿ ನಡುಗುತ್ತ ಬಂದಿದ್ದ. ಒಡಿಶಾದ ಕಡೆಯವನು. ಸ್ಲೈಡ್ ನೋಡಿದೆ, ಉಂಗುರದಂಥ ಎಳೆಯ ಪರಾವಲಂಬಿಗಳಿದ್ದವು, ಆದರೆ ಚುಕ್ಕೆ ಇರಲಿಲ್ಲ. ಜಾತಿ ಯಾವುದೆಂದು ಹೇಳಲು ಆಗಲಿಲ್ಲ. ಹಿರಿಯರೊಬ್ಬರು ಬಂದು ಬಣ್ಣದ ನೀರು ಬದಲಿಸಿ ಇನ್ನೊಂದು ಸ್ಲೈಡ್ ಮಾಡಿಸಿದರು. ಕಣಗಳ ತುಂಬ ಗುಲಾಬಿ ಚುಕ್ಕೆ! ಅದೇ ರಕ್ತ, ಅದೇ ಹುಡುಗ. ನೀರು ಮಾತ್ರ ಬೇರೆ. ಅಂದಿನಿಂದ ಪಿಎಚ್ ನೋಡದೆ ನಾನು ಬಣ್ಣ ಕಲೆಸಿಲ್ಲ.

ಗುಳ್ಳೆಯೋ, ಚುಕ್ಕೆಯೋ

ಆಯಿಲ್ ಇಮ್ಮರ್ಶನ್ ಲೆನ್ಸ್ ಹಾಕಿ, ಲೇಪದ ತೆಳು ತುದಿಗೆ ಬನ್ನಿ. ಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಇರುವ ಜಾಗ ಹುಡುಕಿ.

ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ಮಲೇರಿಯಾ ಜಾತಿಯಾದರೆ ಪರಾವಲಂಬಿ ಇರುವ ಕಣ ಅಕ್ಕಪಕ್ಕದವಕ್ಕಿಂತ ಉಬ್ಬಿ ದೊಡ್ಡದಾಗಿರುತ್ತದೆ. ಅದರ ಮೈತುಂಬ ನವಿರಾದ ಗುಲಾಬಿ ಚುಕ್ಕೆಗಳು. ಇವನ್ನು 1899ರಲ್ಲಿ ಷಫ್ನರ್ ಎಂಬವರು ಬಣ್ಣಿಸಿದರು. ಅದಕ್ಕೇ ಷಫ್ನರ್ ಚುಕ್ಕೆ ಎನ್ನುತ್ತಾರೆ. ತೀರ ಎಳೆಯ ಉಂಗುರದ ಹಂತದಲ್ಲಿ ಕಾಣದೆಯೂ ಇರಬಹುದು. ಸ್ವಲ್ಪ ಬೆಳೆದ, ಅಡ್ಡಾದಿಡ್ಡಿ ಆಕಾರದ ಪರಾವಲಂಬಿ ಇರುವ ಕಣ ಹುಡುಕಿ.

ಈಗ ಫೈನ್ ಫೋಕಸ್ ತಿರುಪನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ನಾನು ಕಲಿಸಿದ ಎಲ್ಲರಿಗೂ ಮೊದಲು ಹೇಳಿಕೊಟ್ಟದ್ದು ಇದನ್ನೇ. ನೀರಿನ ಗುಳ್ಳೆಯಾದರೆ ತಿರುಪು ಆಡಿಸಿದಾಗ ಮಿಂಚುತ್ತದೆ, ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ. ನಿಜವಾದ ಚುಕ್ಕೆ ಮಿಂಚುವುದಿಲ್ಲ. ಅದು ಬಣ್ಣ ಕುಡಿದ ವಸ್ತು, ಮಸುಕಾಗುತ್ತದೆ ಅಷ್ಟೆ. ಬಣ್ಣದ ಗಸಿಯಾದರೆ ಕಣಕ್ಕಿಂತ ಮೇಲಿನ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ, ಮತ್ತು ಕಣಗಳ ನಡುವಿನ ಖಾಲಿ ಜಾಗದಲ್ಲೂ ಬಿದ್ದಿರುತ್ತದೆ. ಕಣದ ಮೇಲೆ ಕೂತ ಪ್ಲೇಟ್‌ಲೆಟ್ ಆದರೆ ಸುತ್ತ ಸಾಮಾನ್ಯವಾಗಿ ತಿಳಿಯಾದ ಒಂದು ಬಳೆ ಇರುತ್ತದೆ. ಇನ್ನೊಂದು ಗುರುತು: ಪರಾವಲಂಬಿ ಇಲ್ಲದ ಕಣಗಳ ಮೇಲೂ ಅದೇ ಗುಳ್ಳೆ ಇದ್ದರೆ ಅನುಮಾನವೇ ಬೇಡ, ತಪ್ಪು ಸ್ಲೈಡಿನದು.

ಷಫ್ನರ್ ಚುಕ್ಕೆ ಎಂದರೇನು ಎಂದು ನಾನು ಸುಮಾರು ವರ್ಷ ಕೇಳಿಕೊಂಡೇ ಇರಲಿಲ್ಲ. ಚುಕ್ಕೆ ಕಂಡರೆ ವೈವಾಕ್ಸ್ ಎಂದು ಬರೆದುಕೊಡುವುದು, ಅಷ್ಟೇ. 1975ರಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು ನೋಡಿದವರು ಬರೆದಿದ್ದಾರೆ. ರಕ್ತಕಣದ ಪೊರೆಯಲ್ಲಿ ಸಣ್ಣ ಸಣ್ಣ ಗುಳಿಗಳು, ಪ್ರತಿ ಗುಳಿಯ ಸುತ್ತ ಪುಟ್ಟ ವೆಸಿಕಲ್‌ಗಳ ಗೊಂಚಲು. ಅಂಥ ಗೊಂಚಲುಗಳೇ ನಮಗೆ ಗುಲಾಬಿ ಚುಕ್ಕೆಯಾಗಿ ಕಾಣುತ್ತವೆ. ಕಾಳುಮೆಣಸು ಒಂದೊಂದಾಗಿ ಕಾಣದಿದ್ದರೂ ಮೆಣಸಿನ ಕರೆ ದೂರದಿಂದ ಕಾಣುತ್ತದಲ್ಲ, ಹಾಗೆ.

ಇಲ್ಲಿ ಒಂದು ಎಚ್ಚರ ಬೇಕು. ಇವು ಕಣದ ಪೊರೆಗೆ ಅಂಟಿಕೊಂಡೇ ಇರುವ ವೆಸಿಕಲ್‌ಗಳು. ಹೊರಗೆ ಬಿಟ್ಟ ಪೊಟ್ಟಣಗಳಲ್ಲ. ಸೆಮಿನಾರಿನಲ್ಲಿ ಎರಡನ್ನೂ ಒಂದೇ ಎಂದು ಹೇಳಿದರೆ ತಪ್ಪಾಗುತ್ತದೆ. ಆದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ನ್ಯೂಕ್ಲಿಯಸ್ ಇಲ್ಲದ, ಒಳಗೆ ಸಾಮಾನು ಸಾಗಿಸುವ ಏರ್ಪಾಡೇ ಇಲ್ಲದ ಕೆಂಪು ಕಣದಲ್ಲಿ ಇಂಥ ರಚನೆ ತಾನಾಗಿ ಬರುವುದಿಲ್ಲ. ಪರಾವಲಂಬಿ ಅದನ್ನು ಕಟ್ಟಿಸುತ್ತದೆ. ಬಾಡಿಗೆಗೆ ಬಂದವನು ಗೋಡೆ ಒಡೆದು ತನಗೆ ಬೇಕಾದ ಕಡೆ ಕಿಟಕಿ ಇಟ್ಟುಕೊಂಡ ಹಾಗೆ.

ಫಾಲ್ಸಿಪಾರಂ ಜಾತಿಯಲ್ಲಿ ಷಫ್ನರ್ ಚುಕ್ಕೆ ಇಲ್ಲ. ಅಲ್ಲಿ ಮೌರರ್ ಸೀಳು ಎನ್ನುವ ಚಪ್ಪಟೆ ಚೀಲಗಳಿವೆ. ಬಣ್ಣ ಗಾಢವಾಗಿ ಹತ್ತಿದಾಗ ಕೆಲವೇ ಒರಟು ಗೆರೆಯಂತೆ ಕಂಡಾವು. ಪರಾವಲಂಬಿ ತಾನು ತಯಾರಿಸಿದ ಪ್ರೋಟೀನನ್ನು ಕಣದ ಹೊರಮೈಗೆ ಸಾಗಿಸುವುದು ಇವುಗಳ ಮೂಲಕ.

ಹೊರಗೆ ಹೋದ ಪೊಟ್ಟಣ ಮಾಡುವ ಕೆಲಸ

ಮೊದಮೊದಲು ಇವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 1967ರಲ್ಲಿ ಪೀಟರ್ ವುಲ್ಫ್ ಪ್ಲಾಸ್ಮಾದಲ್ಲಿ (ಕಣಗಳನ್ನು ತೆಗೆದ ರಕ್ತದ ದ್ರವದಲ್ಲಿ) ಕಂಡ ಇಂಥ ಚೂರುಗಳನ್ನು ಪ್ಲೇಟ್‌ಲೆಟ್ ಧೂಳು ಎಂದು ಕರೆದರು. 1983ರಲ್ಲಿ ಇನ್ನೂ ಬಲಿಯುತ್ತಿರುವ ಕೆಂಪು ಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಸಣ್ಣ ಪೊಟ್ಟಣ ಕಟ್ಟಿ ಹೊರಹಾಕುವುದು ಕಂಡಿತು. 1987ರಲ್ಲಿ ರೋಸ್ ಜಾನ್‌ಸ್ಟೋನ್ ಅವರ ಗುಂಪು ಅದನ್ನು ಎಕ್ಸೋಸೋಮ್ ಎಂದು ಕರೆಯಿತು. ಬಹಳ ವರ್ಷ ಅದನ್ನು ಕಸ ಎಂದೇ ತಿಳಿದಿದ್ದರು.

ಮಲೇರಿಯಾದಲ್ಲಿ ಆ ನೋಟ ಬದಲಾದದ್ದು 2013ರಲ್ಲಿ. ಆ ವರ್ಷ ಎರಡು ಗುಂಪುಗಳು ಒಂದೇ ಮಾತನ್ನು ಬೇರೆ ಬೇರೆಯಾಗಿ ತೋರಿಸಿದವು. ಫಾಲ್ಸಿಪಾರಂ ಹೊಕ್ಕ ರಕ್ತಕಣಗಳು ಪೊಟ್ಟಣ ಬಿಡುತ್ತವೆ, ಬೇರೆ ಕಣದೊಳಗಿರುವ ಪರಾವಲಂಬಿಗಳು ಆ ಪೊಟ್ಟಣವನ್ನು ಪಡೆದು ತಮ್ಮ ನಡೆ ಬದಲಿಸುತ್ತವೆ. ಪೊಟ್ಟಣ ಸಿಕ್ಕ ಪರಾವಲಂಬಿಗಳಲ್ಲಿ ಹೆಚ್ಚಿನವು ಗ್ಯಾಮಿಟೋಸೈಟ್ ಆಗುವ ದಾರಿ ಹಿಡಿದವು. ಸೊಳ್ಳೆ ಹೀರಿಕೊಂಡು ಹೋಗಬೇಕಾದ ರೂಪ ಅದೇ ತಾನೇ. ಅಂದರೆ ಒಬ್ಬರ ಮೈಯಲ್ಲಿರುವ ಪರಾವಲಂಬಿಗಳು ಮನೆ ಬಿಡುವ ಹೊತ್ತಾಯಿತು ಎಂದು ಒಂದಕ್ಕೊಂದು ಹೇಳಿಕೊಳ್ಳಬಲ್ಲವು. ಮೌರರ್ ಸೀಳಿಗೆ ಸಂಬಂಧಪಟ್ಟ ಒಂದು ಪ್ರೋಟೀನನ್ನು ತೆಗೆದುಹಾಕಿದಾಗ ಈ ಮಾತುಕತೆ ಸರಿಯಾಗಿ ನಡೆಯಲಿಲ್ಲ. ಸ್ಲೈಡಿನಲ್ಲಿ ನಾವು ಸುಮ್ನೆ ನೋಡಿ ಬಿಟ್ಟುಬಿಡುವ ಒರಟು ಗೆರೆಯ ಹಿಂದೆ ಇಷ್ಟಿದೆ.

ನನಗೆ ಇನ್ನೂ ಹೆಚ್ಚು ತಟ್ಟಿದ್ದು 2021ರ ಕೆಲಸ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರದು. ಪರಾವಲಂಬಿ ಇರುವ ಕಣ ಬಿಟ್ಟ ಪೊಟ್ಟಣದಲ್ಲಿ ಪ್ರೋಟಿಯಾಸೋಮ್ ಎಂಬ, ಪ್ರೋಟೀನ್ ಕತ್ತರಿಸುವ ಯಂತ್ರವೇ ಇತ್ತು. ಪೊಟ್ಟಣ ಒಂದು ಆರೋಗ್ಯವಂತ ಕಣಕ್ಕೆ ಸೇರಿದಾಗ, ಪೊರೆಗೆ ಒಳಗಿನಿಂದ ಆಸರೆ ಕೊಡುವ ಬಲೆಯ ಕೆಲವು ಪ್ರೋಟೀನುಗಳನ್ನು ಅದು ಕತ್ತರಿಸುತ್ತದೆ. ಕಣ ಮೆದುವಾಗುತ್ತದೆ. ಆಮೇಲೆ ಬಂದ ಮೀರೋಜೋಯಿಟ್ ಒಳಗೆ ಹೋಗುವುದು ಸುಲಭ. ಅಂಗಳದ ವೃತ್ತಕ್ಕೆ ವಾಪಸ್ ಬನ್ನಿ. ತೆಂಗಿನಕಾಯಿ ಬರುವ ಮೊದಲೇ ಕಾಳುಮೆಣಸು ಬಂದು ಬಾಗಿಲ ಚಿಲಕ ಸಡಿಲ ಮಾಡಿಟ್ಟಿರುತ್ತದೆ. ಇದನ್ನು ಮಕ್ಕಳಿಗೆ ಕೈಯಲ್ಲಿ ಹಿಡಿದು ತೋರಿಸಿ.

ವೈವಾಕ್ಸ್ ಬಗ್ಗೆ 2020ರಲ್ಲಿ ಬಂದ ಕೆಲಸವೂ ಹೇಳಲೇಬೇಕಾದ್ದು. ರೋಗಿಗಳ ಪ್ಲಾಸ್ಮಾದಿಂದ ತೆಗೆದ ವೆಸಿಕಲ್‌ಗಳನ್ನು ಮನುಷ್ಯರ ಗುಲ್ಮದ ಕೋಶಗಳಿಗೆ ಸೇರಿಸಿದಾಗ, ಆ ಕೋಶಗಳು ಮೈಮೇಲೆ ಅಂಟಿಸಿಕೊಳ್ಳುವ ಪ್ರೋಟೀನನ್ನು ಹೆಚ್ಚಿಸಿದವು. ಪರಾವಲಂಬಿ ಇರುವ ಎಳೆಯ ಕೆಂಪು ಕಣಗಳು ಅವಕ್ಕೆ ಹೆಚ್ಚು ಅಂಟಿಕೊಂಡವು. ನಾವು ಬೆರಳು ಚುಚ್ಚಿ ತೆಗೆಯುವುದು ಹರಿಯುವ ರಕ್ತದ ಹನಿ. ಗುಲ್ಮದಲ್ಲಿ ಅಂಟಿ ಕೂತದ್ದು ಆ ಹನಿಯಲ್ಲಿ ಇರುವುದಿಲ್ಲ. ಜ್ವರ ನಿಲ್ಲದವರ ಸ್ಲೈಡನ್ನು ಮರುದಿನ ಮತ್ತೆ ನೋಡಬೇಕು ಎಂದು ಹಿರಿಯರು ಹೇಳುತ್ತಿದ್ದರು. ಇದನ್ನು ಓದಿದಾಗ ಆ ಮಾತು ನೆನಪಾಯಿತು.

ಬೇರೆ ಪರಾವಲಂಬಿಗಳದ್ದು ಬೇಗ ಹೇಳಿಬಿಡುತ್ತೇನೆ. ದಕ್ಷಿಣ ಅಮೆರಿಕದ ಶಾಗಸ್ ರೋಗ ತರುವ ಟ್ರಿಪನೋಸೋಮಾ ಕ್ರೂಜಿ ತನ್ನ ಪೊರೆಯಿಂದಲೇ ವೆಸಿಕಲ್ ಕಳಚುತ್ತದೆ. ಅವನ್ನು ಇಲಿಗಳಿಗೆ ಮೊದಲೇ ಕೊಟ್ಟು ಆಮೇಲೆ ಸೋಂಕು ತಗುಲಿಸಿದಾಗ ಹೃದಯದಲ್ಲಿ ರೋಗ ಜೋರಾಯಿತು ಎಂದು 2009ರಲ್ಲಿ ಬ್ರೆಜಿಲ್‌ನವರು ತೋರಿಸಿದರು. ಲೀಶ್ಮೇನಿಯಾ ಮರಳುನೊಣದ ಕರುಳಿನಲ್ಲೇ ಪೊಟ್ಟಣ ಬಿಡುತ್ತದೆ. ಕಚ್ಚುವಾಗ ಪರಾವಲಂಬಿಯ ಜೊತೆಗೇ ಅವೂ ಚರ್ಮಕ್ಕೆ ಇಳಿಯುತ್ತವೆ. ಇನ್ನು ಟ್ರೈಕೋಮೋನಾಸ್. ಹೆಂಗಸರ ಬಿಳಿಸೆರಗಿನ ಸ್ಯಾಂಪಲ್ ನೋಡುವಾಗ ತಡಬಡಿಸಿ ಓಡಾಡುವುದಲ್ಲ, ಅದೇ. ನಮ್ಮ ಕೋಶಗಳಿಗೆ ಸರಿಯಾಗಿ ಅಂಟದ ತಳಿಗೆ ಚೆನ್ನಾಗಿ ಅಂಟುವ ತಳಿಯ ಎಕ್ಸೋಸೋಮ್ ಕೊಟ್ಟರೆ ಅದೂ ಅಂಟಲು ಕಲಿಯುತ್ತದೆ. ಇದೂ 2013ರದ್ದೇ.

ಓದುವಾಗ ಕೇಳಬೇಕಾದ್ದು

ಸೊಸೆ ಸೆಮಿನಾರಿಗೆ ಬರೆದ ಮೊದಲ ಸಾಲು ಹೀಗಿತ್ತು: 'ಪರಾವಲಂಬಿಗಳು ವೆಸಿಕಲ್ ಮೂಲಕ ಔಷಧ ನಿರೋಧಕ ಶಕ್ತಿಯನ್ನು ಹರಡುತ್ತವೆ.' ನಾನು ಅದನ್ನು ಹೊಡೆದುಹಾಕಿಸಿದೆ. ಮಲೇರಿಯಾದ 2013ರ ಪ್ರಯೋಗವೊಂದರಲ್ಲಿ ಪೊಟ್ಟಣದಲ್ಲಿ ಸಾಗಿದ್ದು ವಿಜ್ಞಾನಿಗಳೇ ಪರಾವಲಂಬಿಯೊಳಗೆ ಇಟ್ಟ, ಔಷಧ ತಡೆಯುವ ಜೀನ್ ಇದ್ದ ಡಿಎನ್‌ಎ ತುಂಡು. ಅದೂ ಗಾಜಿನ ಪಾತ್ರೆಯಲ್ಲಿ. ಊರಿನ ಜನರಲ್ಲಿ ನಿರೋಧಕ ಶಕ್ತಿ ಹಾಗೆ ಹರಡುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ.

ಯಾವ ಲೇಖನ ಓದಿದರೂ ಮೊದಲು ನೋಡಿ: ಇದು ಪಾತ್ರೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಆಮೇಲೆ, ಅವರು ಬೇರ್ಪಡಿಸಿದ್ದು ನಿಜಕ್ಕೂ ವೆಸಿಕಲ್ಲೇ? ರಕ್ತದಲ್ಲಿ ಅದೇ ಅಳತೆಯ ಕೊಬ್ಬಿನ ಕಣಗಳು, ಅಂದರೆ ಲೈಪೋಪ್ರೋಟೀನ್, ವೆಸಿಕಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತವೆ. ಕೋಶಗಳನ್ನು ಬೆಳೆಸಲು ಹಾಕುವ ಕರುವಿನ ಸೀರಂನಲ್ಲಿ ಅದರದೇ ವೆಸಿಕಲ್‌ಗಳಿರುತ್ತವೆ. ಅವನ್ನು ಮೊದಲು ತೆಗೆದಿದ್ದಾರಾ? ವೆಸಿಕಲ್ ತೆಗೆದುಹಾಕಿದ ದ್ರಾವಣವನ್ನೂ ಕೋಶಗಳಿಗೆ ಕೊಟ್ಟು ನೋಡಿದ್ದಾರಾ? ಆಗಲೂ ಅದೇ ಪರಿಣಾಮ ಬಂದರೆ ಕೆಲಸ ಮಾಡಿದ್ದು ಪೊಟ್ಟಣವಲ್ಲ. ಈ ಕೊನೆಯ ಪ್ರಶ್ನೆಯನ್ನು ಮಾತ್ರ ಯಾವತ್ತೂ ಬಿಡಬೇಡಿ.

ಪ್ಲಾಸ್ಮಾ ಕಳಿಸುವುದಿದ್ದರೆ

ವೆಸಿಕಲ್ ಬೇರ್ಪಡಿಸಲು ಲಕ್ಷ ಜಿ (ಅಂದರೆ ಭೂಮಿಯ ಸೆಳೆತದ ಲಕ್ಷ ಪಟ್ಟು) ವೇಗದಲ್ಲಿ ಗಂಟೆಗೂ ಹೆಚ್ಚು ಹೊತ್ತು ತಿರುಗಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು. ಅದು ನಮ್ಮ ಕಡೆಯ ಸಣ್ಣ ಲ್ಯಾಬುಗಳ ಕೆಲಸವಲ್ಲ. ಆದರೆ ರಕ್ತ ತೆಗೆದು ಪ್ಲಾಸ್ಮಾ ಕಳಿಸುವ ಕೆಲಸ ನಮಗೆ ಬರಬಹುದು. ನೈತಿಕ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ನಾನು ಒಮ್ಮೆ ಹನ್ನೆರಡು ಟ್ಯೂಬು ಹಾಳು ಮಾಡಿದ್ದೇನೆ. ಒಂದು ಸಂಶೋಧನಾ ತಂಡಕ್ಕಾಗಿ ಶಿರಸಿಯಿಂದ ರಕ್ತ ತರಬೇಕಿತ್ತು. ಟ್ಯೂಬುಗಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿ ಡಬ್ಬದಲ್ಲಿ ಇಟ್ಟು, ಜೀಪಿನ ಹಿಂದೆ ಹಾಕಿಕೊಂಡು ದೇವಿಮನೆ ಘಟ್ಟ ಇಳಿದೆವು. ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಿ ತಿರುಗಿಸಿದರೆ ಪ್ಲಾಸ್ಮಾ ಕೆಂಪು. ಕಣಗಳು ಒಡೆದಿದ್ದವು. ಒಡೆದ ಕಣದ ಚೂರುಗಳೇ ಸುಳ್ಳು ವೆಸಿಕಲ್ ಆಗುತ್ತವೆ. ಜ್ವರದಲ್ಲಿದ್ದ ಹನ್ನೆರಡು ಜನ ನಂಬಿ ತೋಳು ಚಾಚಿದ್ದರು. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಹೀಗೆ ಮಾಡಿ. ರಕ್ತ ತೆಗೆದಲ್ಲೇ ಪ್ಲಾಸ್ಮಾ ಬೇರೆ ಮಾಡಿ. 21 ಗೇಜ್ ಸೂಜಿ ಬಳಸಿ, ತೋಳಿನ ಪಟ್ಟಿ ಹೆಚ್ಚು ಹೊತ್ತು ಬಿಗಿದಿಡಬೇಡಿ. ಮೊದಲು ಬಂದ ಎರಡು ಮೂರು ಮಿಲಿ ಬೇರೆ ಟ್ಯೂಬಿಗೆ ಹಾಕಿ, ಆಮೇಲಿನದು ಸಿಟ್ರೇಟ್ ಟ್ಯೂಬಿಗೆ. ಹೆಪಾರಿನ್ ಟ್ಯೂಬ್ ಬೇಡ, ಮುಂದೆ ಡಿಎನ್‌ಎ ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆಗೆ ಅಡ್ಡಿ. ಕುಲುಕಬೇಡಿ, ಟ್ಯೂಬ್ ನೆಟ್ಟಗೆ ನಿಂತಿರಲಿ, ಫ್ರಿಜ್ಜಿನಲ್ಲಿ ಇಡಬೇಡಿ. ಕುಲುಕಿದರೂ ತಣ್ಣಗಾದರೂ ಪ್ಲೇಟ್‌ಲೆಟ್‌ಗಳು ಕೆರಳಿ ತಮ್ಮದೇ ವೆಸಿಕಲ್ ಬಿಡುತ್ತವೆ. ಒಂದೆರಡು ಗಂಟೆಯೊಳಗೆ 2500 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ. ನಮ್ಮ ಯಂತ್ರದ ಮೇಲೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆದಿರುತ್ತದೆ, ಜಿ ಅಲ್ಲ. ನಡುವಿನಿಂದ ಟ್ಯೂಬಿನ ತುದಿಗೆ 15 ಸೆಂಟಿಮೀಟರ್ ಇದ್ದರೆ ಸುಮಾರು 3860 ಆರ್‌ಪಿಎಂ ಎಂದು ಲೆಕ್ಕ. ಕಣಗಳ ಮೇಲೆ ಒಂದು ಸೆಂಟಿಮೀಟರ್ ಬಿಟ್ಟು ಪ್ಲಾಸ್ಮಾ ತೆಗೆಯಿರಿ, ಹೊಸ ಟ್ಯೂಬಿಗೆ ಹಾಕಿ ಇನ್ನೊಮ್ಮೆ ಅಷ್ಟೇ ತಿರುಗಿಸಿ, ತಳ ಬಿಟ್ಟು ಮೇಲಿನದನ್ನು ತೆಗೆದುಕೊಳ್ಳಿ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಗೆ ಹಾಕಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಪ್ಲಾಸ್ಮಾ ಕೆಂಪಗಿದ್ದರೆ ಟ್ಯೂಬಿನ ಮೇಲೆ ಹಾಗೆಯೇ ಬರೆಯಿರಿ, ಮುಚ್ಚಿಡಬೇಡಿ.

ಇದೆಲ್ಲ ಮಾಡುವ ಮೊದಲು ಆ ರೋಗಿಯ ಸ್ಲೈಡಿನ ವರದಿ ಡಾಕ್ಟರ ಕೈ ಸೇರಿರಬೇಕು. ವೈವಾಕ್ಸ್ ಆದರೆ ಪ್ರೈಮಾಕ್ವಿನ್ ಗುಳಿಗೆ 14 ದಿನ ಇರುತ್ತದೆ. ಜ್ವರ ಮೂರು ದಿನಕ್ಕೆ ಬಿಡುತ್ತದೆ, ದೋಣಿ ಹೊರಡುತ್ತದೆ, ಹುಡುಗ ಗುಳಿಗೆ ನಿಲ್ಲಿಸುತ್ತಾನೆ. ಲಿವರಿನಲ್ಲಿ ಮಲಗಿದ್ದ ಪರಾವಲಂಬಿ ಕೆಲವು ತಿಂಗಳ ಮೇಲೆ ಏಳುತ್ತದೆ. ವರದಿ ಕೊಡುವಾಗ ಕಿಟಕಿಯಲ್ಲೇ ನಿಲ್ಲಿಸಿ ಒಂದು ಮಾತು ಹೇಳಿ.

ಮೊನ್ನೆ ಸೊಸೆ ಇನ್ನೊಂದು ಫೋಟೊ ಕಳಿಸಿದ್ದಾಳೆ. ಉಬ್ಬಿದ ಕಣ, ಮೈತುಂಬ ಗುಲಾಬಿ ಚುಕ್ಕೆ. ಜೊತೆಗೆ ಒಂದು ಸಣ್ಣ ವಿಡಿಯೊ, ಫೋಕಸ್ ಮೇಲೆ ಕೆಳಗೆ ಆಡಿಸಿದ್ದು. ಎಲ್ಲೂ ಮಿಂಚಲಿಲ್ಲ.